ಸಾಂಕ್ರಾಮಿಕದ ನಡುವೆ ವಿದೇಶ ಪ್ರಯಾಣ: ರೋಗಕ್ಕಿಂತ ಗಡುವಿನದೇ ಚಿಂತೆ

ಕರಾವಳಿಯ ಕುಟುಂಬಗಳಿಗೆ ಸಮುದ್ರದಾಚೆಯ ದುಡಿಮೆ ಹೊಸತೇನಲ್ಲ. 2006ರ ಅಕ್ಟೋಬರ್‌ನಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಸಂಚಾರ ಆರಂಭವಾದ ಮೇಲಂತೂ ಕೊಲ್ಲಿ ರಾಷ್ಟ್ರಗಳು ಮನೆಯ ಅಂಗಳಕ್ಕೆ ಇನ್ನಷ್ಟು ಹತ್ತಿರವಾದವು. ಅಲ್ಲಿಂದ ಬರುವ ಹಣವು ನಗರದ ಜವಳಿ ಅಂಗಡಿ, ಚಿನ್ನಾಭರಣ ಮಳಿಗೆ, ಕಟ್ಟಡ ಸಾಮಗ್ರಿ ವ್ಯಾಪಾರ ಮತ್ತು ಖಾಸಗಿ ಶಾಲೆಗಳವರೆಗೆ ಹರಿದುಬರುತ್ತದೆ. ಆದ್ದರಿಂದ ಒಬ್ಬ ನೌಕರನು ಸಕಾಲದಲ್ಲಿ ಕೆಲಸಕ್ಕೆ ತಲುಪಲಾರದೆ ಹೋದರೆ ಅದರ ಪೆಟ್ಟು ಅವನ ಮನೆಗೆ ಮಾತ್ರವಲ್ಲ, ಅವನ ಊರಿನ ಪೇಟೆಗೂ ತಟ್ಟುತ್ತದೆ.

2020ರಿಂದ 2022ರವರೆಗೆ ಕೋವಿಡ್-19 ಈ ಸಂಗತಿಯನ್ನು ಎಲ್ಲರ ಅನುಭವಕ್ಕೆ ತಂದಿತು. ಉಸಿರಾಟದ ಮೂಲಕ ಹರಡುವ ರೋಗವು ಮುಂದೆಯೂ ಬರಬಹುದು. ಅಂತಹ ಸಮಯದಲ್ಲಿ ಉದ್ಯೋಗಕ್ಕಾಗಿ ವಿದೇಶಕ್ಕೆ ಹೊರಡುವವರು, ಅಲ್ಲಿ ಅಂಗಡಿ ಅಥವಾ ಶಾಖೆ ತೆರೆಯುವವರು, ಯಂತ್ರ ಜೋಡಣೆಗೆ ತಮ್ಮ ಕೆಲಸಗಾರರನ್ನು ಕಳುಹಿಸುವ ಸಣ್ಣ ಉದ್ಯಮಿಗಳು ಯಾವ ಅಂಶಗಳನ್ನು ಮೊದಲೇ ಪರಿಶೀಲಿಸಬೇಕೆಂಬುದನ್ನು ಆ ಎರಡು ವರ್ಷಗಳ ಅನುಭವದ ಆಧಾರದಲ್ಲಿ ಇಲ್ಲಿ ವಿವರಿಸಲಾಗಿದೆ.

'ಒಂದು ವಾರ' ಎಂಬ ಮಾತಿನ ಅರ್ಥ

ವಿಶ್ವ ಆರೋಗ್ಯ ಸಂಸ್ಥೆಯು 2020ರ ಜನವರಿ 30ರಂದು ಅಂತಾರಾಷ್ಟ್ರೀಯ ಆರೋಗ್ಯ ತುರ್ತು ಪರಿಸ್ಥಿತಿಯನ್ನು ಘೋಷಿಸಿತು. ಆದರೆ ಕೊಲ್ಲಿಯ ಬಾಗಿಲುಗಳು ಮುಚ್ಚಲಾರಂಭಿಸಿದ್ದು ಮಾರ್ಚ್ ತಿಂಗಳಲ್ಲಿ. ಮಾರ್ಚ್ 7ರಿಂದ ಕುವೈತ್ ದೇಶವು ಭಾರತವೂ ಸೇರಿದಂತೆ ಏಳು ದೇಶಗಳ ವಿಮಾನ ಸಂಚಾರವನ್ನು ಒಂದು ವಾರದ ಮಟ್ಟಿಗೆ ತಡೆಯಿತು. ಮಾರ್ಚ್ 15ರಿಂದ ಸೌದಿ ಅರೇಬಿಯಾ ಎರಡು ವಾರಗಳ ಅವಧಿಗೆ ಅಂತಾರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. ಮಾರ್ಚ್ 19ರಂದು ಯುಎಇ, ದೇಶದ ಹೊರಗಿದ್ದ ವಾಸ್ತವ್ಯ ವೀಸಾದಾರರ ಮರುಪ್ರವೇಶವನ್ನು ಎರಡು ವಾರ ತಡೆಹಿಡಿಯಿತು. ಮಾರ್ಚ್ 22ರಿಂದ ಭಾರತವು ಅಂತಾರಾಷ್ಟ್ರೀಯ ಪ್ರಯಾಣಿಕ ವಿಮಾನಗಳನ್ನು ಒಂದು ವಾರದ ಮಟ್ಟಿಗೆ ನಿರ್ಬಂಧಿಸಿತು.

ಈ ಎಲ್ಲ ಆದೇಶಗಳಲ್ಲಿಯೂ ವಾರಗಳ ಲೆಕ್ಕವಿತ್ತು. ಆದರೆ ಯಾವುದೂ ವಾರಗಳಲ್ಲಿ ಮುಗಿಯಲಿಲ್ಲ. ಭಾರತದ ಆ 'ಒಂದು ವಾರ' ಎರಡು ವರ್ಷಗಳಿಗೆ ಬೆಳೆಯಿತು. ನಿಗದಿತ ಅಂತಾರಾಷ್ಟ್ರೀಯ ವಿಮಾನ ಸಂಚಾರ ಪುನಃ ಆರಂಭವಾದದ್ದು 2022ರ ಮಾರ್ಚ್ 27ರಂದು. ಅದಕ್ಕೂ ಮುನ್ನ 2021ರ ಡಿಸೆಂಬರ್ 15ರಿಂದ ಆರಂಭಿಸುವ ನಿರ್ಧಾರವು ಪ್ರಕಟವಾಗಿ, ಓಮಿಕ್ರಾನ್ ತಳಿಯ ಕಾರಣದಿಂದ ಕೆಲವೇ ದಿನಗಳಲ್ಲಿ ಮುಂದೂಡಲ್ಪಟ್ಟಿತು. 2021ರ ಏಪ್ರಿಲ್ 24ರಂದು ಯುಎಇ ಭಾರತದ ಪ್ರಯಾಣಿಕರಿಗೆ ವಿಧಿಸಿದ ನಿರ್ಬಂಧವೂ ಮೊದಲಿಗೆ ಹತ್ತು ದಿನಗಳದ್ದಾಗಿತ್ತು. ವಾಸ್ತವ್ಯ ವೀಸಾದಾರರಲ್ಲಿ ಕೆಲವು ವರ್ಗದವರಿಗೆ ಮತ್ತೆ ಪ್ರವೇಶ ದೊರೆತದ್ದು ಆಗಸ್ಟ್ 5ರ ನಂತರ.

ಇದರಿಂದ ತಿಳಿಯಬೇಕಾದ ಮೊದಲ ಅಂಶವೆಂದರೆ, ಅಲ್ಪಾವಧಿಯ ನಿರ್ಬಂಧವನ್ನು ಅಲ್ಪಾವಧಿಯದೆಂದು ನಂಬಿ ಹಣ ತೊಡಗಿಸಬಾರದು. ಅಂಗಡಿಯ ಬಾಡಿಗೆ, ಟಿಕೆಟ್, ಮನೆಯ ಮುಂಗಡ ಇತ್ಯಾದಿಗಳನ್ನು ಆರು ತಿಂಗಳ ವಿಳಂಬವನ್ನು ತಾಳಿಕೊಳ್ಳಬಲ್ಲ ರೀತಿಯಲ್ಲಿ ಯೋಜಿಸುವುದು ಉಚಿತ.

ದಿಢೀರ್ ನಿರ್ಬಂಧಕ್ಕೆ ಕಾರಣ

2003ರಲ್ಲಿ ಸಾರ್ಸ್ ರೋಗವು ಹಾಂಗ್‌ಕಾಂಗ್, ಸಿಂಗಾಪುರ ಮುಂತಾದೆಡೆ ವಿಮಾನಗಳ ಮೂಲಕವೇ ಹರಡಿತ್ತು. ಆದರೆ ಆ ರೋಗವು ಬಹುಮಟ್ಟಿಗೆ ಜ್ವರ ಕಾಣಿಸಿಕೊಂಡ ನಂತರ ಇನ್ನೊಬ್ಬರಿಗೆ ದಾಟುತ್ತಿದ್ದುದರಿಂದ, ರೋಗಿಗಳನ್ನು ಪ್ರತ್ಯೇಕಿಸಿ ಅದನ್ನು ಹತೋಟಿಗೆ ತರಲು ಸಾಧ್ಯವಾಯಿತು. ಅದೇ ವರ್ಷದ ಜುಲೈ 5ರಂದು ಹರಡುವಿಕೆ ನಿಂತಿತೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತು. ಕೋವಿಡ್‌ನಲ್ಲಿ ಲಕ್ಷಣಗಳು ತೋರುವ ಮೊದಲೇ ಸೋಂಕು ದಾಟುತ್ತಿತ್ತು. ಸೋಂಕು ತಗಲಿ ಲಕ್ಷಣ ಕಾಣಿಸಿಕೊಳ್ಳಲು ಹದಿನಾಲ್ಕು ದಿನಗಳವರೆಗೂ ಹಿಡಿಯಬಹುದಾಗಿತ್ತು. ವಿಮಾನ ಏರುವಾಗ ಆರೋಗ್ಯವಂತನಾಗಿದ್ದವನು ಇಳಿದ ಮೂರನೆಯ ದಿನ ರೋಗಿಯಾಗಬಹುದಾದ ಕಾರಣ, ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳಲು ಸರಕಾರಗಳು ಹಿಂಜರಿದವು.

2007ರಿಂದ ಜಾರಿಯಲ್ಲಿರುವ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಯು ರೋಗದ ಮಾಹಿತಿ ನೀಡುವುದನ್ನು ಕಡ್ಡಾಯಗೊಳಿಸುತ್ತದೆ. ಆದರೂ ಗಡಿಯನ್ನು ಯಾವಾಗ ಮುಚ್ಚಬೇಕು, ಯಾರಿಗೆ ತೆರೆಯಬೇಕು ಎಂಬ ತೀರ್ಮಾನ ಪ್ರಾಯೋಗಿಕವಾಗಿ ಆಯಾ ದೇಶದ ಕೈಯಲ್ಲೇ ಉಳಿಯುತ್ತದೆ. ಹೀಗಾಗಿ ಹೊರಡುವ ದೇಶ, ತಲುಪುವ ದೇಶ ಮತ್ತು ನಡುವೆ ಇಳಿಯುವ ದೇಶ ಈ ಮೂರೂ ಕಡೆಯ ಆದೇಶಗಳು ಒಂದೇ ದಿನ ಅನುಕೂಲವಾಗಿದ್ದರೆ ಮಾತ್ರ ಪ್ರಯಾಣ ಸಾಧ್ಯ.

ನಡುದಾರಿಯ ದೇಶ

ಈ ಮೂರನೆಯ ಅಂಶವನ್ನು ಹಲವರು ಮರೆತಿದ್ದರು. ಭಾರತದಿಂದ ಸೌದಿಗೆ ನೇರ ಪ್ರವೇಶ ಇಲ್ಲದಿದ್ದಾಗ ಸಾವಿರಾರು ಜನರು ದುಬೈಗೆ ಹೋಗಿ, ಅಲ್ಲಿ ಹದಿನಾಲ್ಕು ದಿನ ಕಳೆದು, ಬಳಿಕ ಸೌದಿಯನ್ನು ತಲುಪುತ್ತಿದ್ದರು. 2021ರ ಫೆಬ್ರವರಿ 3ರಂದು ಸೌದಿ ಅರೇಬಿಯಾ ಇಪ್ಪತ್ತು ದೇಶಗಳಿಂದ ಬರುವವರನ್ನು ತಡೆಯಿತು. ಆ ಪಟ್ಟಿಯಲ್ಲಿ ಯುಎಇಯೂ ಸೇರಿತ್ತು. ಅದೇ ವಾರ ಕುವೈತ್ ಕೂಡ ವಿದೇಶಿಯರ ಪ್ರವೇಶವನ್ನು ನಿಲ್ಲಿಸಿತು. ದುಬೈಯಲ್ಲಿ ದಿನ ಎಣಿಸುತ್ತಿದ್ದವರು ಮುಂದೆ ಹೋಗಲಾರದೆ, ವಸತಿಯ ಹಣ ಮುಗಿದು, ಬಂದ ದಾರಿಯಲ್ಲೇ ಮರಳಬೇಕಾಯಿತು. ಆ ದಾರಿಯನ್ನು ಹಿಡಿಯಬಾರದೆಂದು ಭಾರತೀಯ ರಾಯಭಾರ ಕಚೇರಿಯೇ ಫೆಬ್ರವರಿ ಮಧ್ಯಭಾಗದಲ್ಲಿ ಸಲಹೆ ನೀಡಿತು. ಸೌದಿಗೆ ಭಾರತದಿಂದ ನೇರ ಪ್ರವೇಶ ದೊರೆತದ್ದು 2021ರ ಡಿಸೆಂಬರ್ 1ರಿಂದ.

ಸುತ್ತುದಾರಿಯ ಪ್ರಯಾಣದಲ್ಲಿ ಮುಂದಿನ ಟಿಕೆಟ್‌ನ ಹಣ ಇದ್ದರೆ ಸಾಲದು. ಹಿಂದಿರುಗುವ ಟಿಕೆಟ್‌ನ ಹಣ ಮತ್ತು ಕನಿಷ್ಠ ಇನ್ನೊಂದು ಹದಿನಾಲ್ಕು ದಿನಗಳ ಊಟ ವಸತಿಯ ಹಣ ಕೈಯಲ್ಲಿರಬೇಕು. ಇದನ್ನು ಮಧ್ಯವರ್ತಿಯ ಭರವಸೆಗೆ ಬಿಡಬಾರದು.

ಮೂರು ಗಡುವುಗಳು

ಪ್ರಯಾಣಿಕನ ಕೈಯಲ್ಲಿರುವ ಪ್ರತಿಯೊಂದು ಕಾಗದಕ್ಕೂ ಒಂದು ಕೊನೆಯ ದಿನವಿರುತ್ತದೆ. ಸಾಂಕ್ರಾಮಿಕದ ಕಾಲದಲ್ಲಿ ಈ ದಿನಗಳು ಒಂದಕ್ಕೊಂದು ಹೊಂದದಿರುವುದೇ ಬಹುಪಾಲು ತೊಂದರೆಯ ಮೂಲ.

ಮೊದಲನೆಯದು ವೀಸಾ. ಯುಎಇಯಲ್ಲಿ ವಾಸ್ತವ್ಯ ವೀಸಾ ಉಳ್ಳವನು 180 ದಿನಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ಅದು ಅನೂರ್ಜಿತವಾಗುವುದು ಸಾಮಾನ್ಯ ನಿಯಮ. 2020ರಲ್ಲಿ ಅಲ್ಲಿನ ಸರಕಾರವು ಅವಧಿ ಮುಗಿದ ವೀಸಾಗಳಿಗೆ ವರ್ಷಾಂತ್ಯದವರೆಗೆ ರಿಯಾಯಿತಿ ಪ್ರಕಟಿಸಿತ್ತು. ಆದರೆ ಜುಲೈಯಲ್ಲಿ ಆ ನಿರ್ಧಾರವನ್ನು ಬದಲಿಸಿತು. ಸೌದಿಯಾದರೋ 2021ರಲ್ಲಿ ಹೊರಗಿದ್ದವರ ಇಖಾಮಾ ಮತ್ತು ಮರುಪ್ರವೇಶ ವೀಸಾಗಳನ್ನು ಹಲವು ಬಾರಿ ಶುಲ್ಕವಿಲ್ಲದೆ ವಿಸ್ತರಿಸಿತು. ಒಂದು ದೇಶದ ಔದಾರ್ಯವನ್ನು ಇನ್ನೊಂದು ದೇಶದಿಂದ ನಿರೀಕ್ಷಿಸುವಂತಿಲ್ಲ.

ಎರಡನೆಯದು ಪರೀಕ್ಷಾ ವರದಿ. 2021ರ ಆಗಸ್ಟ್‌ನಲ್ಲಿ ಯುಎಇಗೆ ಹೊರಟವರು 48 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ವರದಿಯ ಜತೆಗೆ, ವಿಮಾನ ಹೊರಡುವ ಕೆಲವೇ ಗಂಟೆಗಳ ಮುನ್ನ ನಿಲ್ದಾಣದಲ್ಲಿಯೇ ತ್ವರಿತ ಪರೀಕ್ಷೆ ಮಾಡಿಸಬೇಕಾಗಿತ್ತು. ಈ ಸೌಲಭ್ಯವಿಲ್ಲದ ನಿಲ್ದಾಣದಿಂದ ಹೊರಡುವಂತಿರಲಿಲ್ಲ. ಮಂಗಳೂರಿನಲ್ಲಿ ಅದರ ವ್ಯವಸ್ಥೆಯಾಗುವವರೆಗೆ ಇಲ್ಲಿನವರು ಇತರ ನಿಲ್ದಾಣಗಳನ್ನು ಅವಲಂಬಿಸಬೇಕಾಯಿತು. ಘಟ್ಟದ ರಸ್ತೆಯಲ್ಲಿ ಬೆಂಗಳೂರಿಗೆ ಹೋಗುವವನಿಗೆ 48 ಗಂಟೆಗಳಲ್ಲಿ ಒಂದು ರಾತ್ರಿ ದಾರಿಯಲ್ಲೇ ಕಳೆದುಹೋಗುತ್ತದೆ.

ಮೂರನೆಯದು ಲಸಿಕೆ. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ ಆಗ 84 ದಿನಗಳ ಅಂತರ ನಿಗದಿಯಾಗಿತ್ತು. ಉದ್ಯೋಗ ಹಾಗೂ ವ್ಯಾಸಂಗಕ್ಕಾಗಿ ವಿದೇಶಕ್ಕೆ ಹೋಗುವವರಿಗೆ 28 ದಿನಗಳ ಬಳಿಕ ಎರಡನೆಯ ಡೋಸ್ ನೀಡಿ, ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆಯನ್ನು ನಮೂದಿಸಲು ಕೇಂದ್ರ ಸರಕಾರವು 2021ರ ಜೂನ್ 7ರಂದು ಅನುಮತಿಸಿತು. ಕೋವ್ಯಾಕ್ಸಿನ್ ಪಡೆದವರ ಪರಿಸ್ಥಿತಿ ಬೇರೆ. ಅದು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಗೆ ಸೇರಿದ್ದು ಆ ವರ್ಷದ ನವೆಂಬರ್ 3ರಂದು. ಊರಿನಲ್ಲಿ ಸಿಕ್ಕಿದ ಲಸಿಕೆಯನ್ನು ಪಡೆದು ಧನ್ಯರಾದವರು, ಅದು ತಲುಪುವ ದೇಶದಲ್ಲಿ ಮಾನ್ಯವೇ ಎಂದು ವಿಚಾರಿಸದ ತಪ್ಪಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು.

ತಲಪಾಡಿಯೂ ಒಂದು ಗಡಿ

ಮಂಗಳೂರಿನ ಮಟ್ಟಿಗೆ ಇನ್ನೊಂದು ವಿಶೇಷವಿದೆ. ಮಂಜೇಶ್ವರ, ಕಾಸರಗೋಡು ಕಡೆಯ ಕನ್ನಡಿಗರಿಗೂ ಇದೇ ಹತ್ತಿರದ ವಿಮಾನ ನಿಲ್ದಾಣ. 2020ರ ಮಾರ್ಚ್‌ನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ರೋಗಿಗಳನ್ನು ಮಂಗಳೂರಿನ ಆಸ್ಪತ್ರೆಗಳಿಗೆ ತರುವ ಪ್ರಶ್ನೆಯೇ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2021ರಲ್ಲಿ ಕೇರಳದಿಂದ ಬರುವವರಿಗೆ 72 ಗಂಟೆಗಳೊಳಗಿನ ಪರೀಕ್ಷಾ ವರದಿಯನ್ನು ಕರ್ನಾಟಕ ಕಡ್ಡಾಯಗೊಳಿಸಿತು. ವಿದೇಶದ ಗಡಿಯ ಬಗ್ಗೆ ಮಾತ್ರ ಚಿಂತಿಸಿ, ಊರ ಗಡಿಯನ್ನು ಮರೆತರೆ ವಿಮಾನ ತಪ್ಪುವುದು ಖಂಡಿತ.

ಕರಾರು, ವೇತನ, ವಿಮೆ

ತಲುಪಿದ ಮೇಲೂ ಕಷ್ಟ ಮುಗಿಯುವುದಿಲ್ಲ. 2020ರ ಮಾರ್ಚ್ 26ರಂದು ಯುಎಇ ಸರಕಾರವು ಖಾಸಗಿ ಸಂಸ್ಥೆಗಳಿಗೆ, ನೌಕರರ ಒಪ್ಪಿಗೆ ಪಡೆದು, ವೇತನರಹಿತ ರಜೆ ನೀಡಲು ಮತ್ತು ವೇತನ ಕಡಿತಗೊಳಿಸಲು ಅವಕಾಶ ನೀಡಿತು. ಹೊಸ ಊರಿನಲ್ಲಿ ಕೆಲಸ ಕಳೆದುಕೊಳ್ಳುವ ಭಯವಿರುವವನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕದೆ ಇರುವುದು ಸುಲಭವಲ್ಲ. ಸೇವಾಂತ್ಯದ ಉಪದಾನವು ಮೂಲ ವೇತನದ ಮೇಲೆ ಲೆಕ್ಕವಾಗುವುದರಿಂದ, ಒಟ್ಟು ವೇತನದಲ್ಲಿ ಮೂಲ ವೇತನ ಎಷ್ಟೆಂಬುದನ್ನು ಹೊರಡುವ ಮೊದಲೇ ನೋಡಿಕೊಳ್ಳಬೇಕು.

ಕರಾರಿನಲ್ಲಿ ಸ್ಪಷ್ಟವಾಗಿರಬೇಕಾದ ಪ್ರಶ್ನೆಗಳು ನಾಲ್ಕು. ಕ್ವಾರಂಟೈನ್ ವಸತಿಯ ವೆಚ್ಚ ಯಾರದು? ಆ ದಿನಗಳಿಗೆ ವೇತನವಿದೆಯೇ? ಗಡಿ ಮುಚ್ಚಿ ಸೇರಲು ತಡವಾದರೆ ಕೆಲಸ ಉಳಿಯುವುದೇ? ಕೆಲಸ ಹೋದರೆ ಮರಳುವ ಟಿಕೆಟ್ ಯಾರದು? ತಮ್ಮ ಕೆಲಸಗಾರರನ್ನು ಕಳುಹಿಸುವ ಉದ್ಯಮಿಗಳೂ ಗಿರಾಕಿಯೊಡನೆ ಇವನ್ನೇ ಲಿಖಿತವಾಗಿ ಇತ್ಯರ್ಥಪಡಿಸಿಕೊಳ್ಳಬೇಕು. ಇಲ್ಲವಾದರೆ ಆ ಆದೇಶದಿಂದ ಬರಬೇಕಾದ ಲಾಭ ಹೋಟೆಲ್ ಬಿಲ್ಲಿಗೆ ಸಂದುಹೋಗುತ್ತದೆ.

ವಲಸೆ ಅನುಮತಿ ಅಗತ್ಯವಿರುವ ಕೆಲಸಗಾರರಿಗೆ ಕಡ್ಡಾಯವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿಗಳ ರಕ್ಷಣೆಯು ಅಪಘಾತದ ಸಾವು ಹಾಗೂ ಶಾಶ್ವತ ಅಂಗವೈಕಲ್ಯಕ್ಕೆ ಸಂಬಂಧಿಸಿದ್ದು. ರೋಗದಿಂದಾಗುವ ಸಾವಿಗೆ ಅದನ್ನೇ ನಂಬಿ ಕೂರುವಂತಿಲ್ಲ. ಪ್ರತ್ಯೇಕ ಜೀವ ವಿಮೆ ಅಗತ್ಯ.

ತೆರಿಗೆ ಮತ್ತು ಊರಿನ ವ್ಯವಹಾರ

ಊರಲ್ಲಿ ಸಿಕ್ಕಿಕೊಂಡ ಅನಿವಾಸಿಗಳಿಗೆ ಇನ್ನೊಂದು ತೊಡಕು ಎದುರಾಯಿತು. ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿ ಉಳಿದವನು ತೆರಿಗೆಯ ದೃಷ್ಟಿಯಲ್ಲಿ ನಿವಾಸಿಯಾಗುತ್ತಾನೆ. 2020ರ ಮೇ 8ರ ಸುತ್ತೋಲೆಯಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿಯು, ಲಾಕ್‌ಡೌನಿನಿಂದ ಹೊರಡಲಾರದವರಿಗೆ ಮಾರ್ಚ್ 22ರಿಂದ 31ರವರೆಗಿನ ದಿನಗಳನ್ನು ಲೆಕ್ಕದಿಂದ ಬಿಟ್ಟಿತು. ಆದರೆ 2020-21ರ ಸಾಲಿಗೆ ಅಂತಹ ಸಾರ್ವತ್ರಿಕ ರಿಯಾಯಿತಿ ದೊರೆಯಲಿಲ್ಲ. ಆದ್ದರಿಂದ ದಿನಗಳ ಲೆಕ್ಕವನ್ನು ಪಾಸ್‌ಪೋರ್ಟ್‌ನ ಮುದ್ರೆಗಳೊಡನೆ ತಾಳೆ ನೋಡಿ, ಲೆಕ್ಕ ಪರಿಶೋಧಕರಿಗೆ ಮೊದಲೇ ತೋರಿಸುವುದು ಕ್ಷೇಮ.

ಹೊರಡುವ ವ್ಯಾಪಾರಿಯು ಊರಿನ ಅಂಗಡಿಯನ್ನೂ ಸಜ್ಜುಗೊಳಿಸಬೇಕು. ಚೆಕ್‌ಗೆ ಸಹಿ ಹಾಕುವ ಎರಡನೆಯ ವ್ಯಕ್ತಿ, ನೋಂದಾಯಿತ ಅಧಿಕಾರ ಪತ್ರ, ಜಿಎಸ್‌ಟಿ ಮತ್ತು ಬ್ಯಾಂಕ್ ಸಂದೇಶಗಳು ಬರುವ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರುವ ವ್ಯವಸ್ಥೆ ಇವು ಸಣ್ಣ ಸಂಗತಿಗಳಂತೆ ಕಂಡರೂ, ಒಂದು ತಿಂಗಳಿಗೆಂದು ಹೋದವನು ಒಂದು ವರ್ಷ ಬರಲಾಗದಿದ್ದಾಗ ಅಂಗಡಿಯನ್ನು ಉಳಿಸುವುದು ಇವೇ.

2020ರ ಮೇ 12ರಂದು ವಂದೇ ಭಾರತ್ ಯೋಜನೆಯ ಮೊದಲ ವಿಮಾನವು ದುಬೈಯಿಂದ ಮಂಗಳೂರಿಗೆ ಬಂದಿಳಿದಾಗ ಅದರಲ್ಲಿ ಗರ್ಭಿಣಿಯರಿದ್ದರು, ಕೆಲಸ ಕಳೆದುಕೊಂಡವರಿದ್ದರು. ಅವರಲ್ಲಿ ಯಾರೂ ಹೊರಡುವಾಗ ಹೀಗೆ ಮರಳುವೆವೆಂದು ಎಣಿಸಿರಲಾರರು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಂಡಿತು. ಆದರೆ ಕರಾವಳಿಯವರು ಕಡಲಾಚೆ ಹೋಗುವುದು ನಿಂತಿಲ್ಲ, ನಿಲ್ಲುವುದೂ ಇಲ್ಲ. ಮುಂದಿನ ಬಾರಿ ಹೊರಡುವವರು ಆರೋಗ್ಯದ ಜಾಗ್ರತೆಯ ಜತೆಗೆ, ತಮ್ಮ ಕೈಯಲ್ಲಿರುವ ಪ್ರತಿ ಕಾಗದದ ಕೊನೆಯ ದಿನವನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು, ಬಾಗಿಲು ಮುಚ್ಚಿದರೆ ಅದರ ವೆಚ್ಚ ಯಾರ ತಲೆಗೆ ಬೀಳುವುದೆಂಬುದನ್ನು ಖಚಿತಪಡಿಸಿಕೊಂಡು ಹೊರಟರೆ, ಅರ್ಧ ಅಪಾಯವನ್ನು ಊರಿನಲ್ಲಿಯೇ ಕಳೆದುಕೊಂಡಂತಾಗುತ್ತದೆ.