ಕಾಡು ದಾಟಿದ ತೆಪ್ಪ ಕಡಲ ಬಾಯಲ್ಲಿ!

ಕೊಚ್ಚಿಯ ಹಿನ್ನೀರಿನಲ್ಲಿ ಏನುಂಟು ಏನಿಲ್ಲ! 2022ರಲ್ಲಿ ನೌಕಾಪಡೆ ಸೇರಿದ ಐಎನ್‌ಎಸ್ ವಿಕ್ರಾಂತ್ ಎಂಬ ದೈತ್ಯ ಹಡಗನ್ನು ಕಟ್ಟಿದ ಕಾರ್ಖಾನೆ ಈ ನೀರಿನ ದಂಡೆಯಲ್ಲಿದೆ. ವಲ್ಲಾರ್‌ಪಾಡಂನ ಕಂಟೇನರ್ ಬಂದರಿನ ಕ್ರೇನುಗಳು ಮುಗಿಲಿಗೆ ಕೊರಳು ಚಾಚಿ ನಿಂತಿವೆ. 2023ರ ಏಪ್ರಿಲ್‌ನಿಂದ ಓಡುತ್ತಿರುವ ವಾಟರ್ ಮೆಟ್ರೋದ ಬ್ಯಾಟರಿ ದೋಣಿಗಳು ನೀರು ಸೀಳಿಕೊಂಡು ಹೋಗುತ್ತವೆ. ಇದೆಲ್ಲದರ ನಡುವೆ, ಅಲೆಯ ಮೇಲೆ ಕುಣಿಯುತ್ತಾ, ದುಂಡಗೆ ಒಂದು ಮಂಕರಿಯಷ್ಟೇ ಕಾಣುವ ಅದೇನದು? ತೆಪ್ಪ! ನಮ್ಮ ಕಾವೇರಿಯ, ನಮ್ಮ ಕಪಿಲೆಯ ತೆಪ್ಪ! ಒಳಗೆ ಗಂಡ ಹೆಂಡತಿ ಇಬ್ಬರೇ. ಕೇಳಿಬರುವ ಮಾತೂ ನಮ್ಮದೇ: "ವಸಿ ಇತ್ತಗೆ ತಿರುಗ್ಸಮ್ಮಿ, ಬಲೆ ಸಿಕ್ಕಾಕತದೆ" ಅನ್ನುವ ಧಾಟಿ.

ನಮ್ಮ ಗುಂಡ್ಲುಪೇಟೆಯ ನೆರೆಯ ಎಚ್.ಡಿ. ಕೋಟೆ, ಅದರಾಚೆಯ ಹುಣಸೂರು ಕಡೆಯ ಕುಟುಂಬಗಳು ಎಷ್ಟೋ ವರ್ಷಗಳಿಂದ ಅಲ್ಲಿ ಹೀಗೆ ಮೀನು ಹಿಡಿದು ಬದುಕುತ್ತಿವೆ. 1997ರವರೆಗೆ ಚಾಮರಾಜನಗರವೂ ಗುಂಡ್ಲುಪೇಟೆಯೂ ಎಚ್.ಡಿ. ಕೋಟೆಯೂ ಒಂದೇ ಜಿಲ್ಲೆ. ಒಂದೇ ಸೀಮೆ, ಒಂದು ಅಂಗುಲವೂ ಕರಾವಳಿಯಿಲ್ಲದ ಸೀಮೆ! ಹತ್ತಿ, ಅರಿಸಿನ, ಹುರುಳಿ ಬೆಳೆಯುವ ನೆಲದವರು ಕಡಲ ಬಾಯಿಗೆ ಸ್ವಂತ ದೋಣಿ ಇಳಿಸಿದ್ದಾರೆ ಅಂದರೆ ಬೆರಗಾಗದೆ ಇರುವುದು ಹೇಗೆ?

ಇನ್ನೊಂದು ಸೋಜಿಗ ನೋಡಿ. ಕಪಿಲೆ, ಅಂದರೆ ಕಬಿನಿ, ಹುಟ್ಟುವುದು ಕೇರಳದ ವಯನಾಡಿನಲ್ಲಿ. ಪಶ್ಚಿಮ ಕಡಲಿಗೆ ಬೆನ್ನು ತಿರುಗಿಸಿ, ಪೂರ್ವಕ್ಕೆ ಹರಿದು ನಮ್ಮ ಕಡೆ ಬರುತ್ತದೆ. ನದಿ ಅಲ್ಲಿಂದ ಇಲ್ಲಿಗೆ ಬಂದರೆ, ಆ ನದಿಯಲ್ಲಿ ಕಲಿತ ವಿದ್ಯೆ ಇಲ್ಲಿಂದ ಅಲ್ಲಿಗೆ ಹೋಯಿತು! ನಡುವೆ ಬಂಡೀಪುರ, ವಯನಾಡಿನ ಕಾಡು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ. ಆನೆಗೂ ಹುಲಿಗೂ ದಾರಿ ಬಿಟ್ಟು, ಗೇಟು ಬೀಳುವ ಮೊದಲೇ ತೆಪ್ಪ ಕಾಡು ದಾಟಬೇಕು.

ದೋಣಿ ನೆಲದ ಮೇಲೆ ಪಯಣ ಮಾಡುವುದು ಹೊಸದೇನಲ್ಲ. ಸುಮಾರು 2,500 ವರ್ಷ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್, ಬ್ಯಾಬಿಲೋನಿಗೆ ತೇಲಿಬರುತ್ತಿದ್ದ ದುಂಡನೆಯ ಚರ್ಮದ ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಪ್ರತಿ ದೋಣಿಯಲ್ಲೂ ಒಂದಾದರೂ ಕತ್ತೆ! ಸರಕು ಮಾರಿದ ಮೇಲೆ ದೋಣಿಯ ಹಂದರವನ್ನೂ ಮಾರಿ, ಚರ್ಮ ಕತ್ತೆಯ ಮೇಲೆ ಹೇರಿ, ನಡೆದು ಊರಿಗೆ ವಾಪಸು. ನಮ್ಮಲ್ಲಿ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಹರಿಗೋಲನ್ನು, ಅಂದರೆ ಇದೇ ತೆಪ್ಪವನ್ನು, ಕಂಡ. ಹದಿನೈದಿಪ್ಪತ್ತು ಜನ ಕೂರುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ, ಆದರೆ ಹರಿಗೋಲು ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಇರುತ್ತದೆ ಎಂದು ಬರೆದ.

ಸುತ್ತದೆ ಇನ್ನೇನು ಮಾಡೀತು? ತೆಪ್ಪಕ್ಕೆ ಮುಂದಿಲ್ಲ, ಹಿಂದಿಲ್ಲ. ಒಂದೇ ಕಡೆ ಹುಟ್ಟು ಹಾಕಿದರೆ ಬುಗುರಿ. ಅದಕ್ಕೇ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮುಂದಿನ ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಮ್ಮ ಕಡೆಗೆ ಸೆಳೆದುಕೊಳ್ಳುತ್ತಾ ಹೋಗಬೇಕು. ಒಬ್ಬರು ಹುಟ್ಟು ಹಾಕುವಾಗ ಇನ್ನೊಬ್ಬರು ಬಲೆ ಬಿಡಬೇಕು. ಇಬ್ಬರೂ ಮೀನಿನ ಆಸೆಗೆ ಒಂದೇ ಕಡೆ ವಾಲಿದರೆ ತೆಪ್ಪ ಮಗುಚೀತು. ಗಂಡ ಹೆಂಡತಿ ಜಗಳವಾಡಿಕೊಂಡು ನಡೆಸಬಹುದಾದ ವಾಹನವಲ್ಲ ಬಿಡಿ! ಹಿಂದೆ ಬಿದಿರಿನ ಹೆಣಿಗೆಗೆ ಚರ್ಮ ಹೊದಿಸುತ್ತಿದ್ದರು, ಆಮೇಲೆ ಪ್ಲಾಸ್ಟಿಕ್ ಹಾಳೆ, ಟಾರು ಬಂತು, ಈಗ ಫೈಬರಿನವೂ ಇವೆ. ಆಕಾರ ಮಾತ್ರ ಪಯಸ್ ಕಂಡದ್ದೇ.

ನನಗೆ ಎಲ್ಲಕ್ಕಿಂತ ಹೆಚ್ಚು ಅಚ್ಚರಿ ತರಿಸಿದ್ದು ನೀರು. ಹೊಳೆಯಲ್ಲಿ ನೀರಿಗೆ ಒಂದೇ ದಿಕ್ಕು, ಬೀಚನಹಳ್ಳಿಯ ಕಬಿನಿ ಜಲಾಶಯದಲ್ಲಿ ಅದೂ ಇಲ್ಲ. ಕೊಚ್ಚಿಯಲ್ಲಿ ಹಾಗಲ್ಲ. ಸುಮಾರು ಆರು ಗಂಟೆ ಕಡಲಿಗೆ ಓಡಿದ ನೀರು ಮನಸ್ಸು ಬದಲಿಸಿ ಮತ್ತೆ ಸುಮಾರು ಆರು ಗಂಟೆ ಒಳನುಗ್ಗುತ್ತದೆ! ಫೋರ್ಟ್ ಕೊಚ್ಚಿ, ವೈಪಿನ್ ನಡುವಿನ ಅಳಿವೆಯ ಸೆಳೆತವಂತೂ ಹುಟ್ಟಿಗೆ ಬಗ್ಗುವಂಥದ್ದಲ್ಲ. ಅಪ್ಪನಿಂದ ಕಲಿಯದ ಈ ಉಬ್ಬರ ಇಳಿತದ ಲೆಕ್ಕವನ್ನು ನಮ್ಮವರು ನೀರಿನ ಮೇಲೆ ಕೂತೇ ಕಲಿತರು. ಕೇರಳದ ರಾಜ್ಯ ಮೀನು ಕರಿಮೀನು ಯಾವ ಮರೆಯಲ್ಲಿ ನಿಲ್ಲುತ್ತದೆಂಬುದನ್ನೂ ಕಲಿತರು. ತೆಪ್ಪದ ತಳ ಚಪ್ಪಟೆ, ಗೇಣುದ್ದ ನೀರಿದ್ದರೂ ತೇಲುತ್ತದೆ, ಮೋಟಾರು ದೋಣಿ ನುಸುಳದ ಮೂಲೆಗೂ ನುಸುಳುತ್ತದೆ.

ಇದೇ ವೇಂಬನಾಡು ಹಿನ್ನೀರಿನಲ್ಲಿ ದಕ್ಷಿಣಕ್ಕೆ ಸರಿದರೆ ಆಲಪ್ಪುಳದ ದೋಣಿಮನೆಗಳು. ಮಧುಚಂದ್ರದ ಜೋಡಿಗಳು ಸಾವಿರಾರು ರೂಪಾಯಿ ಕೊಟ್ಟು ಒಂದು ರಾತ್ರಿ ತೇಲುತ್ತಾರೆ. ತೆಪ್ಪದ ಜೋಡಿಯದು ವಿಹಾರವಲ್ಲ. ಸಂಜೆ ಇಳಿದರೆ ಬೆಳಗಿನ ಮಾರುಕಟ್ಟೆಗೆ ಮೀನು ತರಬೇಕು, ಮಳೆಯಿರಲಿ ಸೆಖೆಯಿರಲಿ. ತೆಪ್ಪ ನೀರಿನ ಮಟ್ಟಕ್ಕೇ ಇರುವುದರಿಂದ ಕತ್ತಲಲ್ಲಿ ಬಾರ್ಜಿನವರ ಕಣ್ಣಿಗೆ ಬೀಳುವುದೇ ಕಷ್ಟ. ಆದರೂ ದೋಣಿ ನಡೆಸುವ ಕಲೆಯಲ್ಲಿ ಇವರ ಮುಂದೆ ದೋಣಿಮನೆಯ ಕಪ್ತಾನನೂ ಸಪ್ಪೆ ಎಂದೇ ನನ್ನ ತೀರ್ಪು.

ಕೊಚ್ಚಿಗೆ ಹೋದಾಗ ಚೀನೀ ಬಲೆಯ ಎದುರು ಫೋಟೊ ತೆಗೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಸಂಜೆ ಹೊತ್ತು ಗೋಶ್ರೀ ಸೇತುವೆಗಳ ಮೇಲೆ ನಿಂತು ಕೆಳಗೂ ಒಮ್ಮೆ ನೋಡಿ. ತೆಪ್ಪ ಕಂಡರೆ ದಡಕ್ಕಿಳಿದು ಕನ್ನಡದಲ್ಲಿ ಕೂಗಿ, ಮೀನು ಕೊಳ್ಳಿ, ಚೌಕಾಸಿ ಮಾಡಬೇಡಿ. ಮತ್ತೆ, ಕೈಲಾದವರು ಅವರಿಗೊಂದು ದೀಪ, ಎರಡು ಲೈಫ್ ಜಾಕೆಟ್ ಕೊಡಿಸಿ.