ಮೌತ್‌ಪೀಸ್ ಬದಲಿಸಿದರೆ ಕದ್ರಿಯವರ ನಾದ ಬರುತ್ತದೆಯೇ?

ಚಾಮರಾಜನಗರದಿಂದ ಕೊಳ್ಳೇಗಾಲದ ದಾರಿ ಹಿಡಿದರೆ ಸಂತೆಮರಹಳ್ಳಿ ಸಿಗುತ್ತದೆ. ಈ ಸೀಮೆಯ ಮದುವೆ ಮನೆಗಳಲ್ಲಿ ವಾಲಗದವರ ನಾದಸ್ವರದ ಜೊತೆಗೆ, ಕೆಲವು ಕಡೆ ಅದರ ಜಾಗದಲ್ಲೇ, ಸ್ಯಾಕ್ಸೊಫೋನ್ ಕೇಳಿಸುವುದು ಈಗ ಯಾರಿಗೂ ಸೋಜಿಗವಲ್ಲ. ಧಾರೆಯ ಹೊತ್ತಿಗೆ ಒಂದು ಕೀರ್ತನೆ, ಊಟದ ಪಂಕ್ತಿ ಕೂತಾಗ ರಾಜ್‌ಕುಮಾರ್ ಚಿತ್ರದ ಹಾಡು, ಮೆರವಣಿಗೆ ಹೊರಟರೆ ಕುಣಿಸುವ ಗತ್ತು. ಎಲ್ಲಕ್ಕೂ ವಾದ್ಯ ಒಂದೇ. ಇಷ್ಟೆಲ್ಲ ನುಡಿಸಬೇಕಾದವರು ಮೌತ್‌ಪೀಸ್ ಕೊಳ್ಳಲು ಮೈಸೂರಿಗೋ ಬೆಂಗಳೂರಿಗೋ ಹೋದರೆ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಮಾತ್ರ ಒಂದೇ: ಜಾಝಿಗೋ, ಕ್ಲಾಸಿಕಲ್‌ಗೋ? ಆ ಕ್ಲಾಸಿಕಲ್ ಪ್ಯಾರಿಸ್ಸಿನದು, ತಿರುವಯ್ಯಾರಿನದಲ್ಲ. ಅದರ ಬೆನ್ನಿಗೇ ಒಬ್ಬರ ಬಾಯಿಂದ ಒಬ್ಬರಿಗೆ ದಾಟಿ ಬಂದ ನಂಬಿಕೆಗಳ ಸಾಲು ನಿಂತಿರುತ್ತದೆ.

ನಂಬಿಕೆ: ಲೋಹದ್ದು ಜಾಝಿಗೆ, ಕಪ್ಪು ರಬ್ಬರಿನದು ಶಾಸ್ತ್ರೀಯಕ್ಕೆ

ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟಿರುವುದು ಇದು. ಜಾಝ್‌ನ ದೊಡ್ಡ ಹೆಸರುಗಳನ್ನೇ ತೆಗೆದುಕೊಂಡು ನೋಡಿ. ಪಾಲ್ ಡೆಸ್ಮಂಡ್ ಊದುತ್ತಿದ್ದದ್ದು ಗಟ್ಟಿ ರಬ್ಬರಿನ, ಅಂದರೆ ಎಬೊನೈಟಿನ, ಗ್ರೆಗರಿ ಮೌತ್‌ಪೀಸ್. ಕ್ಯಾನನ್‌ಬಾಲ್ ಆ್ಯಡರ್ಲಿ ಅವರದು ರಬ್ಬರಿನ ಮೇಯರ್. ಚಾರ್ಲಿ ಪಾರ್ಕರ್ ಅವರದು ಬಿಳಿ ಪ್ಲಾಸ್ಟಿಕ್ಕಿನ ಬ್ರಿಲ್‌ಹಾರ್ಟ್. 1953ರ ಮೇ 15ರಂದು ಟೊರಾಂಟೊದ ಮ್ಯಾಸಿ ಹಾಲ್‌ನ ಹೆಸರಾಂತ ಕಛೇರಿಯಲ್ಲಂತೂ ಅವರ ಕೈಯಲ್ಲಿದ್ದ ಸ್ಯಾಕ್ಸೊಫೋನೇ ಪ್ಲಾಸ್ಟಿಕ್ಕಿನದು. ಅತ್ತ ಪಾಶ್ಚಾತ್ಯ ಶಾಸ್ತ್ರೀಯ ಸ್ಯಾಕ್ಸೊಫೋನಿಗೆ ಗುರುವೆನಿಸಿದ ಫ್ರಾನ್ಸಿನ ಮಾರ್ಸೆಲ್ ಮ್ಯೂಲ್ ಲೋಹದ ಮೌತ್‌ಪೀಸ್ ಬಳಸಿದವರು.

ನಾದವನ್ನು ತಿದ್ದುವುದು ಒಳಗಿನ ಆಕಾರ. ರೀಡ್, ಅಂದರೆ ಊದಿದಾಗ ಕಂಪಿಸುವ ಪಟ್ಟಿ, ಕೂರುವ ಸಪಾಟು ಜಾಗ, ತುದಿಯ ಕಡೆಗೆ ರೀಡಿನಿಂದ ಮೆಲ್ಲಗೆ ದೂರ ಸರಿಯುವ ಬಾಗು, ತುದಿಯಲ್ಲಿ ಉಳಿಯುವ ಸಂದು, ಒಳಗೆ ರೀಡಿಗೆ ಎದುರಾಗಿರುವ ಇಳಿಜಾರು ಅಂದರೆ ಬ್ಯಾಫಲ್, ಅದರ ಹಿಂದಿನ ಕುಹರ ಅಂದರೆ ಚೇಂಬರ್. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಕಾಲದ ಮೌತ್‌ಪೀಸುಗಳಲ್ಲಿ ಚೇಂಬರ್ ದೊಡ್ಡದು, ದುಂಡಗಿನದು, ದನಿ ಮೆತ್ತಗೆ. ಮುಂದೆ ಸ್ವಿಂಗ್ ಬ್ಯಾಂಡುಗಳ ಕಾಲದಲ್ಲಿ ಟ್ರಂಪೆಟ್, ಟ್ರಾಂಬೋನ್‌ಗಳ ಅಬ್ಬರದ ನಡುವೆ ಸ್ಯಾಕ್ಸೊಫೋನ್ ಕೇಳಿಸಬೇಕಾಯಿತು. ಬ್ಯಾಫಲ್ ಎತ್ತರವಾಯಿತು, ಚೇಂಬರ್ ಕಿರಿದಾಯಿತು. ಅರಿಶಿನದ ಹೊಲಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಚಿಮ್ಮುತ್ತದಲ್ಲ, ಎತ್ತರದ ಬ್ಯಾಫಲ್ ಕೊಡುವ ಮೊನಚು ಆ ಬಗೆಯದು. ಲೋಹದ ಮೌತ್‌ಪೀಸುಗಳನ್ನು ಬಹುಪಾಲು ಇಂಥ ಒಳ ಆಕಾರದಲ್ಲೇ ಮಾಡುತ್ತಾರೆ. ಹಾಗಾಗಿ ಆಕಾರ ಮಾಡಿದ ಕೆಲಸದ ಹೆಸರು ಲೋಹಕ್ಕೆ ಹೋಗಿಬಿಟ್ಟಿದೆ.

ಅಮೆರಿಕದ ಜಾನ್ ಕೋಲ್ಟ್‌ಮನ್ 1971ರಲ್ಲಿ ಕೊಳಲುಗಳ ಮೇಲೆ ಇಂಥದ್ದೇ ಪರೀಕ್ಷೆ ನಡೆಸಿದರು. ಒಳ ಅಳತೆ ಒಂದೇ; ವಸ್ತು ಮಾತ್ರ ಬೆಳ್ಳಿ, ತಾಮ್ರ, ಮರ. ಕೇಳಿದವರಿಗೂ ಯಾವುದು ಯಾವುದೆಂದು ತಿಳಿಯಲಿಲ್ಲ, ಕಣ್ಣಿಗೆ ಕಾಣದಂತೆ ಕೊಟ್ಟಾಗ ಊದಿದವರಿಗೂ ತಿಳಿಯಲಿಲ್ಲ. ಸ್ಯಾಕ್ಸೊಫೋನ್ ಊದುವವರು "ನನಗೆ ವ್ಯತ್ಯಾಸ ಗೊತ್ತಾಗುತ್ತದೆ" ಎಂದರೆ ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಮೇಲಿನ ಹಲ್ಲು ಮೌತ್‌ಪೀಸಿಗೆ ತಾಗಿರುತ್ತದೆ, ಕಂಪನ ಮೂಳೆಯ ಮೂಲಕ ಕಿವಿಗೆ ಮುಟ್ಟುತ್ತದೆ. ಲೋಹದ್ದು ತೆಳ್ಳಗಿರುವುದರಿಂದ ಬಾಯಿಯ ಹಿಡಿತವೂ ಬದಲಾಗುತ್ತದೆ. ಆದರೆ ಅದು ಊದುವವರ ಅನುಭವ; ಚಪ್ಪರದಡಿ ಕೂತವರ ಕಿವಿಗೆ ಅದೆಲ್ಲ ತಲುಪುವುದಿಲ್ಲ.

ನಂಬಿಕೆ: ಸಂದು ಅಗಲವಾದಷ್ಟೂ ಸದ್ದು ಜೋರು

ಚಾಮರಾಜೇಶ್ವರನ ಆಷಾಢದ ತೇರಿನಂಥ ಬಯಲಿನ ಜನಜಂಗುಳಿಯಲ್ಲಿ ಡೋಲಿನ ಪಕ್ಕ ನಿಂತು ಊದುವವರಿಗೆ ಜೋರು ಬೇಕೇ ಬೇಕು, ನಿಜ. ಆದರೆ ಜೋರು ಬರುವುದು ಉಸಿರು, ರೀಡ್, ಬ್ಯಾಫಲ್ ಮೂರೂ ಹೊಂದಿಕೊಂಡಾಗ. ಅಗಲ ಸಂದಿಗೆ ಗಡಸು ರೀಡ್ ಕಟ್ಟಿದರೆ ಒಂದು ಗಂಟೆಯೊಳಗೆ ತುಟಿ ಸೋಲುತ್ತದೆ, ಸ್ವರ ನಡುಗುತ್ತದೆ. ಸಂದು ಅಗಲವಾದರೆ ರೀಡ್ ಮೆತ್ತಗಿರಬೇಕು, ಸಂದು ಕಿರಿದಾದರೆ ಗಡಸು ತಡೆಯುತ್ತದೆ. ಮೌತ್‌ಪೀಸ್ ಮಾತ್ರ ಬದಲಿಸಿ ಹಳೆಯ ನಂಬರಿನ ರೀಡನ್ನೇ ಕಟ್ಟಿ "ಇದು ಸರಿಯಿಲ್ಲ" ಎಂದು ಪಕ್ಕಕ್ಕಿಡುವವರು ಬಹಳ.

ಮೌತ್‌ಪೀಸಿನ ನಂಬರಿನ ಮಾತೂ ಇಲ್ಲೇ ಮುಗಿಸಿಬಿಡಬಹುದು. ಒಂದು ಕಂಪನಿಯ 6 ಇನ್ನೊಂದರ 6 ಅಲ್ಲ. ಆಲ್ಟೊ ಸ್ಯಾಕ್ಸೊಫೋನಿಗೆ ಮೇಯರ್ 6 ಎಂದರೆ ಸಂದು ಇಂಚಿನ ಸಾವಿರದಲ್ಲಿ 76 ಪಾಲು, ಸುಮಾರು 1.93 ಮಿಲಿಮೀಟರ್. ಸೆಲ್ಮರ್ ಕಂಪನಿ ಅಕ್ಷರ ಬಳಸುತ್ತದೆ; ಅದರ ಎಸ್80 ಸಾಲಿನ ಸಿ ಸ್ಟಾರ್ 1.70 ಮಿಲಿಮೀಟರ್. ಬರ್ಗ್ ಲಾರ್ಸೆನ್ ಮೇಲೆ 100/2 ಎಂದಿದ್ದರೆ ಮೊದಲಿನದು ಇಂಚಿನ ಸಾವಿರ ಪಾಲಿನಲ್ಲಿ ಸಂದು. ಎರಡನೆಯದು ಬ್ಯಾಫಲ್‌ನ ಗುರುತು, ಅದರಲ್ಲಿ 0 ಎಂದರೆ ಅತಿ ಎತ್ತರ. ಮಿಲಿಮೀಟರ್ ಕೇಳಿ, ನಂಬರ್ ಬಿಡಿ.

ನಂಬಿಕೆ: ಕರ್ನಾಟಕ ಸಂಗೀತಕ್ಕೆ ಕ್ಲಾಸಿಕಲ್ ಮೌತ್‌ಪೀಸೇ ಸರಿ

ಯುರೋಪಿನ ಶಾಸ್ತ್ರೀಯ ವಾದನಕ್ಕೆ ಬೇಕಾದದ್ದು ಅಲುಗದ ಸ್ವರ, ಹತ್ತು ವಾದ್ಯಗಳ ನಡುವೆ ಬೆರೆತುಹೋಗುವ ನಾದ. ಅದಕ್ಕಾಗಿಯೇ ಆ ಮೌತ್‌ಪೀಸುಗಳಲ್ಲಿ ಸಂದು ಕಿರಿದು. ನಮ್ಮ ಗಮಕಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವೇ ಅಲ್ಲ. ಸ್ಯಾಕ್ಸೊಫೋನಿನಲ್ಲಿ ದವಡೆ ಸಡಿಲಿಸಿದರೆ ಸ್ವರ ಸುಲಭವಾಗಿ ಕೆಳಕ್ಕೆ ಜಾರುತ್ತದೆ, ಮೇಲಕ್ಕೆ ಅಷ್ಟು ಏರುವುದಿಲ್ಲ. ಕಿರಿದಾದ ಸಂದಿನಲ್ಲಿ ಈ ಜಾರಿಗೆ ಎಡೆ ಕಡಿಮೆ. ತೀರ ಅಗಲವಾದರೆ ಜಾರು ಧಾರಾಳ, ಆದರೆ ಷಡ್ಜ, ಪಂಚಮ ನೆಟ್ಟಗೆ ನಿಲ್ಲುವುದಿಲ್ಲ. ಜಾಝ್ ವಾದಕರು ಸ್ವರವನ್ನು ಬಾಗಿಸುವವರಾದ್ದರಿಂದ ಅವರ ಮಧ್ಯಮ ಅಳತೆಯ ರಬ್ಬರ್ ಮೌತ್‌ಪೀಸು ವಾಲಗಕ್ಕೂ ಕಛೇರಿಗೂ ಹೊಂದುವ ಸಾಧ್ಯತೆ ಹೆಚ್ಚೆಂದು ನನ್ನ ಅಭಿಪ್ರಾಯ. ಬ್ಯಾಫಲ್ ಮಾತ್ರ ತಗ್ಗಾಗಿರಲಿ. ಎತ್ತರದ ಬ್ಯಾಫಲ್‌ಗೆ ಮದುವೆ ಮಂಟಪದ ಧ್ವನಿವರ್ಧಕವೂ ಸೇರಿದರೆ ಬೀಗರ ತಲೆನೋವು ಖಚಿತ.

ಇನ್ನು ಶ್ರುತಿ. ಆಲ್ಟೊ ಸ್ಯಾಕ್ಸೊಫೋನಿನಲ್ಲಿ 'ಸಿ' ಊದಿದರೆ ಹೊರಡುವುದು ನಮ್ಮವರು ಎರಡೂವರೆ ಎನ್ನುವ ಶ್ರುತಿ. ವಾದ್ಯದ ಕೊಳವೆ ತುದಿ ಕತ್ತರಿಸಿದ ಶಂಕುವಿನಂತೆ ಅಗಲವಾಗುತ್ತ ಹೋಗುತ್ತದೆ. ಕತ್ತರಿಸಿ ಹೋದ ಆ ತುದಿಯ ಜಾಗವನ್ನು ಮೌತ್‌ಪೀಸಿನ ಒಳಗಿನ ಗಾಳಿ ತುಂಬಿಕೊಡಬೇಕು. ಚೇಂಬರ್ ಚಿಕ್ಕದಾದರೆ ಕಾರ್ಕಿನ ಮೇಲೆ ಮೌತ್‌ಪೀಸನ್ನು ಹೊರಗೆಳೆಯಬೇಕು, ದೊಡ್ಡದಾದರೆ ಒಳಕ್ಕೆ ತಳ್ಳಬೇಕು. ಈ ಲೆಕ್ಕ ತಪ್ಪಿದರೆ ಪೆಟ್ಟು ಮೊದಲು ಬೀಳುವುದು ಮೇಲಿನ ಸ್ವರಗಳಿಗೆ, ಏಕೆಂದರೆ ಅಲ್ಲಿ ನುಡಿಯುವ ಕೊಳವೆಯೇ ಗಿಡ್ಡ. ಮಧ್ಯ ಷಡ್ಜ ತಂಬೂರಿಗೆ ಸೇರಿ, ತಾರ ಷಡ್ಜ ತೇಲಿದರೆ ವಾದ್ಯವನ್ನು ಬೈಯುವ ಮುನ್ನ ಮೌತ್‌ಪೀಸನ್ನು ಅನುಮಾನಿಸಿ. ಬರಿಯ ಮೌತ್‌ಪೀಸನ್ನು ಊದಿ ನೋಡುವ ಹಳೆಯ ಪರೀಕ್ಷೆಯೂ ಇದೆ: ಆಲ್ಟೊದಲ್ಲಿ ಯುರೋಪಿನ ಶಾಸ್ತ್ರೀಯ ವಾದಕರಿಗೆ ಸೆಕೆಂಡಿಗೆ 880 ಕಂಪನದ 'ಎ' ಬರುತ್ತದೆ, ಜಾಝ್ ವಾದಕರು ಅದಕ್ಕಿಂತ ತಗ್ಗಿನಲ್ಲಿ ಹಿಡಿಯುತ್ತಾರೆ. ತುಟಿ ಎಷ್ಟು ಬಿಗಿಯಿದೆ ಎಂಬುದು ಇದರಲ್ಲಿ ಗೊತ್ತಾಗಿಬಿಡುತ್ತದೆ.

ನಂಬಿಕೆ: ಕದ್ರಿಯವರ ಮೌತ್‌ಪೀಸ್ ಸಿಕ್ಕರೆ ಕದ್ರಿಯವರ ನಾದ

ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ತಂದೆ ತನಿಯಪ್ಪ ನಾದಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತ ಮಗ, ಆ ವಾದ್ಯದಲ್ಲಿ ಗಮಕ ಒಲಿಸಿಕೊಳ್ಳಲು ಸವೆಸಿದ್ದು ಹತ್ತಿರ ಹತ್ತಿರ 20 ವರ್ಷ. 1980ರ ಮುಂಬೈ ಜಾಝ್ ಉತ್ಸವದಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ ಅವರ ಜೊತೆ ನುಡಿಸಿದರು. ಅಮೆರಿಕದಲ್ಲಿ ಬೆಳೆದ, ಕರ್ನಾಟಕ ಮೂಲದ ರುದ್ರೇಶ್ ಮಹಾಂತಪ್ಪ ಜಾಝ್ ಕಲಿಯುತ್ತಿದ್ದಾಗ ಅವರ ಅಣ್ಣ ತಮಾಷೆಗೆಂದು ಕೊಟ್ಟದ್ದು ಕದ್ರಿಯವರ ಧ್ವನಿಮುದ್ರಿಕೆ. ತಮಾಷೆ ಮುಂದೆ ಇಬ್ಬರೂ ಕೂಡಿ ನುಡಿಸಿದ 2008ರ ಧ್ವನಿಮುದ್ರಿಕೆ 'ಕಿನ್ಸ್‌ಮೆನ್' ಆಯಿತು. ಈ ನಂಬಿಕೆಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಇಬ್ಬರದೂ ಆಲ್ಟೊ, ನುಡಿಸುವುದು ಒಂದೇ ಮುದ್ರಿಕೆಯಲ್ಲಿ. ಆದರೂ ಯಾರು ಯಾರೆಂದು ಯಾರೂ ಹೇಳಿಕೊಡಬೇಕಿಲ್ಲ. ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯಲ್ಲೇ ಗುರುತು ಹತ್ತುತ್ತದೆ, ಆ ದಾರಿ ಗಂಟಲು, ನಾಲಗೆ, ದವಡೆಯದು.

ಹೊಸಬರಿಗೆ ವಾದ್ಯದ ಜೊತೆ ಬರುವ ಯಮಾಹಾ 4ಸಿಯಂಥದ್ದೇ ಬಹಳ ಕಾಲ ಸಾಕು. ಬದಲಿಸುವ ಕಾಲ ಬಂದಾಗ ತಂಬೂರಿ ಆ್ಯಪ್ ಇರುವ ಫೋನ್, ಎರಡು ಮೂರು ಗಡಸಿನ ರೀಡ್, ನಿಮ್ಮದೇ ವಾದ್ಯ ಹೊತ್ತು ಹೋಗಿ. ಅಂಗಡಿಯ ವಾದ್ಯದ ಮೇಲೆ ಊದಿ ನೋಡಿದ್ದು ಲೆಕ್ಕಕ್ಕಿಲ್ಲ. ಹಳೆಯದು ಕೊಳ್ಳುವುದಾದರೆ ರೀಡ್ ಬಡಿಯುವ ತುದಿಯಂಚಿಗೆ ಉಗುರು ಆಡಿಸಿ. ಕೂದಲೆಳೆಯಷ್ಟು ಮುಕ್ಕಾಗಿದ್ದರೂ ಬೇಡ. ಚೊಕ್ಕಟವಾಗಲೆಂದು ಬಿಸಿನೀರಲ್ಲಿ ನೆನೆಹಾಕುವ ಅಭ್ಯಾಸವನ್ನೂ ಬಿಡಬೇಕು. ಬಿಸಿ, ಬಿಸಿಲು ಎರಡೂ ಎಬೊನೈಟಿನೊಳಗಿನ ಗಂಧಕವನ್ನು ಮೇಲೆ ತಂದು ಕಪ್ಪು ಬಣ್ಣವನ್ನು ಹಸಿರುಗಂದಾಗಿಸುತ್ತವೆ, ಬಾಯಿಗೆ ಕಹಿ ಹತ್ತುತ್ತದೆ. ತಣ್ಣೀರು, ಸೋಪಿನ ಒಂದು ಹನಿ, ಮೆತ್ತನೆಯ ಬಟ್ಟೆ ಸಾಕು.