ಉಣ್ಣೆಯ ಹೆಣಿಗೆ: ನಾವು ಮಾಡಿದ ತಪ್ಪುಗಳು, ಕಂಡುಕೊಂಡ ಉಪಾಯಗಳು

ದೆಹಲಿಗೆ ಹೊಸದಾಗಿ ಬಂದ ಕನ್ನಡಿಗನಿಗೆ ಚಳಿ ಎಂದರೇನೆಂಬುದು ತಿಳಿಯುವುದು ಮೊದಲ ಡಿಸೆಂಬರಿನಲ್ಲಿ. ಊರಿನಿಂದ ತಂದ ಹತ್ತಿಯ ಶಾಲು ಬೆಳಗಿನ ಬಸ್ಸಿಗೆ ಕಾಯುವಾಗ ಏನೇನೂ ಸಾಲದು. ನಾವೂ ಎಲ್ಲರಂತೆ ಅಂಗಡಿಯಲ್ಲಿ ಒಂದು ಸ್ವೆಟರು ಕೊಂಡೆವು. ಆದರೆ ನೆರೆಮನೆಯ ಪಂಜಾಬಿ ಬೀಬೀಜಿಯವರು ಬಿಸಿಲಿಗೆ ಕುಳಿತು, ಕೈಯ ಕಡೆ ನೋಡದೆ, ಮಾತಾಡುತ್ತಲೇ ಹೆಣೆಯುವುದನ್ನು ಕಂಡು ನಮಗೂ ಕಲಿಯುವ ಆಸೆಯಾಯಿತು. ಗಂಡಸಿಗೆ ಇದೇಕೆ ಎಂದು ನಕ್ಕವರುಂಟು. 1589ರಲ್ಲಿ ಹೆಣಿಗೆಯ ಯಂತ್ರವನ್ನು ಕಟ್ಟಿದ ಇಂಗ್ಲೆಂಡಿನ ವಿಲಿಯಂ ಲೀ ಗಂಡಸೇ ಆಗಿದ್ದನೆಂದು ಹೇಳಿ ನಾವು ಕಡ್ಡಿ ಹಿಡಿದೆವು.

ಕಳೆದ ಚಳಿಗಾಲದಲ್ಲಿ ನಾವು ಹೆಣೆದುದು ಮೂರು: ನಮಗೊಂದು ಮಫ್ಲರು, ಮಿತ್ರರ ಮಗುವಿಗೊಂದು ಟೋಪಿ, ಊರಿನಿಂದ ಬರಲಿದ್ದ ತಂದೆಯವರಿಗೊಂದು ಸ್ವೆಟರು. ಮೂರೂ ಒಮ್ಮೆ ಕೆಟ್ಟವು. ಉಣ್ಣೆಯ ಬೆಲೆ ನಮ್ಮಂಥವರಿಗೆ ಹಗುರವಲ್ಲವಾದ್ದರಿಂದ, ಕೆಟ್ಟ ಬಗೆಯನ್ನೂ ತಿದ್ದಿದ ಬಗೆಯನ್ನೂ ವಾಚಕರ ಮುಂದಿಡುತ್ತೇವೆ.

ಮೊದಲು ಒಂದು ಮಾತು ಮನಸ್ಸಿಗೆ ಬರಬೇಕು. ನಮ್ಮ ಊರ ಕಡೆ ಕುರುಬರು ಮಾಡುವ ಕಂಬಳಿಯೂ ಉಣ್ಣೆಯದೇ, ಸ್ವೆಟರೂ ಉಣ್ಣೆಯದೇ. ಆದರೆ ಕಂಬಳಿಯನ್ನು ಮಗ್ಗದಲ್ಲಿ ನೇಯುತ್ತಾರೆ. ಅದಕ್ಕೆ ಹಾಸು ಬೇರೆ, ಹೊಕ್ಕು ಬೇರೆ. ಕೈಹೆಣಿಗೆಯ ಬಟ್ಟೆಯಲ್ಲಿರುವುದು ಉದ್ದಕ್ಕೂ ಒಂದೇ ಎಳೆ. ಅದು ಕುಣಿಕೆಯಾಗಿ ನಿಲ್ಲುತ್ತದೆ. ಆ ಕುಣಿಕೆಯೊಳಗಿಂದ ಮೇಲಿನ ಸಾಲಿನ ಕುಣಿಕೆ ಹೊರಬರುತ್ತದೆ. ಹೀಗೆ ಪ್ರತಿಯೊಂದು ಕುಣಿಕೆಯೂ ತನ್ನ ಕೆಳಗಿನದನ್ನು ಹಿಡಿದಿರುತ್ತದೆ. ಕುಣಿಕೆಗಳು ಹಿಗ್ಗಿ ಕುಗ್ಗುವುದರಿಂದಲೇ ಸ್ವೆಟರು ಮೈಗೆ ಒಪ್ಪುತ್ತದೆ. ಒಂದು ಕುಣಿಕೆ ಬಿಟ್ಟರೆ ಕೆಳಗಿನವೆಲ್ಲ ಸಾಲಾಗಿ ಬಿಚ್ಚಿಕೊಳ್ಳುವುದೂ ಇದರಿಂದಲೇ. ಆದರೆ ಇದೇ ಕಾರಣದಿಂದ ಹೆಣೆದುದನ್ನು ಬಿಚ್ಚಿ ಅದೇ ಎಳೆಯಿಂದ ಮತ್ತೆ ಹೆಣೆಯಲೂಬಹುದು.

ಮಫ್ಲರನ್ನು 40 ಕುಣಿಕೆಗಳಿಂದ ಪ್ರಾರಂಭಿಸಿದೆವು. ಒಂದು ಮೊಳ ಆಗುವಷ್ಟರಲ್ಲಿ ಅದು ಮೇಲೆ ಮೇಲೆ ಅಗಲವಾಗುತ್ತ ಬಂದಂತೆ ಕಂಡಿತು. ಎಣಿಸಿದರೆ 47! ಕಾರಣ ಇಷ್ಟೆ: ಸಾಲು ಮುಗಿಸಿ ತಿರುಗಿಸುವಾಗ ನಾವು ಎಳೆಯನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆಯುತ್ತಿದ್ದೆವು. ಆಗ ಮೊದಲ ಕುಣಿಕೆಯ ಎರಡು ಕಾಲುಗಳೂ ಮೇಲೆದ್ದು ಎರಡು ಕುಣಿಕೆಗಳಂತೆ ಕಾಣುತ್ತವೆ. ಕಲಿಯುವವನು ಎರಡನ್ನೂ ಹೆಣೆದುಬಿಡುತ್ತಾನೆ. ತಿರುಗಿಸಿದ ಮೇಲೆ ಎಳೆ ಕಡ್ಡಿಯ ಕೆಳಗಡೆ ಇದೆಯೇ ಎಂದು ನೋಡಿಕೊಂಡರೆ ಸಾಕು. ಕಲಿಯುವ ದಿನಗಳಲ್ಲಿ ಪ್ರತಿ ಸಾಲಿನ ಕೊನೆಯಲ್ಲೂ ಎಣಿಸುವುದು ಒಳ್ಳೆಯದು. ಲೆಕ್ಕದ ಪುಸ್ತಕವನ್ನು ದಿನದಿನವೂ ತಾಳೆ ನೋಡುವ ಗುಮಾಸ್ತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಮಫ್ಲರಿನಲ್ಲಿ ಒಂದು ಕುಣಿಕೆ ಕಡ್ಡಿಯಿಂದ ಜಾರಿ ಆರು ಸಾಲು ಕೆಳಗಿಳಿಯಿತು. ಗಾಬರಿಯಿಂದ ಎಳೆದಾಡಿದರೆ ಅದು ಇನ್ನೂ ಇಳಿಯುತ್ತದೆ. ನೋಡಿದರೆ ಅಲ್ಲಿ ಏಣಿಯ ಮೆಟ್ಟಿಲುಗಳಂತೆ ಆರು ಅಡ್ಡ ಎಳೆಗಳು ಕಾಣುತ್ತವೆ. ಬಟ್ಟೆಯ ಮುಖ ನಮ್ಮ ಕಡೆಗಿರುವಂತೆ ಹಿಡಿದು, ಕ್ರೋಶಾ ಕಡ್ಡಿಯನ್ನು ಜಾರಿದ ಕುಣಿಕೆಯೊಳಗೆ ಮುಂದಿನಿಂದ ತೂರಿಸಿ, ಎಲ್ಲಕ್ಕಿಂತ ಕೆಳಗಿನ ಅಡ್ಡ ಎಳೆಯನ್ನು ಕೊಕ್ಕೆಯಿಂದ ಹಿಡಿದು ಈಚೆಗೆ ಎಳೆಯಬೇಕು. ಅದು ಹೊಸ ಕುಣಿಕೆ. ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಏರಿ ಕೊನೆಯ ಕುಣಿಕೆಯನ್ನು ಕಡ್ಡಿಗೆ ಹಾಕಿದರೆ ಜಾರಿದ ಗುರುತೇ ಉಳಿಯುವುದಿಲ್ಲ.

ಟೋಪಿಯ ಕಥೆ ಬೇರೆ. ಹೆಣಿಗೆ ಚೆನ್ನಾಗಿಯೇ ಬಂತು, ಕೆಟ್ಟದ್ದು ಒಗೆಯುವಾಗ. ಕೈಯ ಕೊಳೆ ಹತ್ತಿದೆಯೆಂದು ಬಿಸಿನೀರಿನಲ್ಲಿ ಸಾಬೂನು ಹಾಕಿ ಚೆನ್ನಾಗಿ ಉಜ್ಜಿದೆವು. ಟೋಪಿ ಗೊಂಬೆಯ ತಲೆಗಾಗುವಷ್ಟು ಕುಗ್ಗಿ ರಟ್ಟಿನಂತಾಯಿತು. ಕುರಿಯ ಕೂದಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿ, ಸಾಬೂನು, ಉಜ್ಜುವಿಕೆ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿ ಬಿಗಿದುಕೊಳ್ಳುತ್ತವೆ. ಕಾಶ್ಮೀರದ ನಮ್ದಾ ಹಾಸುಗಳು ಆಗುವುದು ಈ ಗುಣದಿಂದಲೇ. ಈ ತಪ್ಪಿಗೆ ಮಾತ್ರ ಮದ್ದಿಲ್ಲ. ಎಳೆಯೇ ಬಿಡಿಸಿ ಬರುವುದಿಲ್ಲ. ಉಣ್ಣೆಯನ್ನು ತಣ್ಣೀರಿನಲ್ಲಿ ಅದ್ದಿ, ಮೆಲ್ಲಗೆ ಅದುಮಿ, ಹಿಂಡದೆ, ಟವಲಿನಲ್ಲಿ ಸುತ್ತಿ ನೀರು ತೆಗೆದು, ನೆರಳಿನಲ್ಲಿ ಹಾಸಿ ಒಣಗಿಸಬೇಕು. ತಂತಿಗೆ ತೂಗುಹಾಕಿದರೆ ಭಾರಕ್ಕೆ ಜೋತುಬೀಳುತ್ತದೆ. ಆ ಮಗುವಿಗೆ ನಾವು ಎರಡನೆಯ ಟೋಪಿ ಹೆಣೆದುಕೊಟ್ಟೆವು.

ಇನ್ನು ಸ್ವೆಟರು. ತಂದೆಯವರು ಜನವರಿಯಲ್ಲಿ ಬರುವವರಿದ್ದರು. ಎದೆಯ ಸುತ್ತಳತೆ 38 ಅಂಗುಲ ಬೇಕಾಗಿತ್ತು. ಬೀಬೀಜಿಯವರ ಹೆಣಿಗೆಯಲ್ಲಿ ಅಂಗುಲಕ್ಕೆ 5 ಕುಣಿಕೆ ಎಂದು ನೋಡಿಕೊಂಡು, ಒಟ್ಟು 190, ಹಿಂದೆ 95 ಮುಂದೆ 95 ಎಂದು ಲೆಕ್ಕ ಹಾಕಿ ಹೆಣೆದೆವು. ಎರಡೂ ಭಾಗ ಮುಗಿಸಿ ಅಳೆದರೆ 42 ಅಂಗುಲಕ್ಕೂ ಹೆಚ್ಚು! ಕಡ್ಡಿ ಅದೇ, ಉಣ್ಣೆಯೂ ಅದೇ. ಆದರೆ ಅವರ ಕೈ ಬಿಗಿ, ನಮ್ಮದು ಸಡಿಲ. ನಮ್ಮ ಕೈಯಲ್ಲಿ ಅಂಗುಲಕ್ಕೆ ಬಂದದ್ದು ನಾಲ್ಕೂವರೆ. ಅಂಗುಲಕ್ಕೆ ಅರ್ಧ ಕುಣಿಕೆಯ ವ್ಯತ್ಯಾಸ ಇಡೀ ಸುತ್ತಿಗೆ ನಾಲ್ಕು ಅಂಗುಲವಾಯಿತು.

ತಂದೆಯವರು ಬರಲು ಹದಿನೆಂಟೇ ದಿನ ಉಳಿದಿತ್ತು. ಎರಡು ಪಕ್ಕದಲ್ಲೂ ಮಡಿಸಿ ಹೊಲಿದುಬಿಡೋಣವೆಂದು ಯೋಚಿಸಿದೆವು. ಹಾಗೆ ಮಾಡಿದರೆ ಕಂಕುಳಲ್ಲಿ ಗಂಟಾಗುತ್ತದೆ, ಹೆಗಲು ಇಳಿಬೀಳುತ್ತದೆ ಎಂದು ಬೀಬೀಜಿಯವರು ತಲೆಯಾಡಿಸಿದರು. ಆ ರಾತ್ರಿ ಎರಡು ತಿಂಗಳ ಕೆಲಸವನ್ನು ಬಿಚ್ಚಿದೆವು. ಮನಸ್ಸಿಗೆ ಕಷ್ಟವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಬಿಚ್ಚಿದ ಉಣ್ಣೆ ಸುರುಳಿ ಸುರುಳಿಯಾಗಿರುತ್ತದೆ. ಹಾಗೇ ಹೆಣೆದರೆ ಬಟ್ಟೆ ಸಮನಾಗಿ ಬರುವುದಿಲ್ಲ. ಅದನ್ನು ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತಣ್ಣೀರಿನಲ್ಲಿ ನೆನೆಸಿ ತೂಗುಹಾಕಿದೆವು. ಒಣಗಿದಾಗ ಎಳೆ ನೇರವಾಯಿತು. ಆಮೇಲೆ ಆರು ಅಂಗುಲ ಚೌಕದ ಒಂದು ಮಾದರಿ ತುಂಡನ್ನು ಹೆಣೆದು, ಒಗೆದು ಒಣಗಿಸಿ, ಅಂಚನ್ನು ಬಿಟ್ಟು ನಡುವೆ ನಾಲ್ಕು ಅಂಗುಲ ಅಳೆದೆವು: 18 ಕುಣಿಕೆ. ಅಂದರೆ 38 ಅಂಗುಲಕ್ಕೆ 171. ಹಿಂದೆ 86, ಮುಂದೆ 86 ಹಾಕಿ ಹೊಸದಾಗಿ ಪ್ರಾರಂಭಿಸಿದೆವು. ಮೊದಲೇ ಒಂದು ಸಂಜೆ ಈ ತುಂಡಿಗೆ ಕೊಟ್ಟಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಹಳೆಯ ಸ್ವೆಟರನ್ನು ಬಿಚ್ಚಿ ಉಣ್ಣೆ ಉಳಿಸಬೇಕೆನ್ನುವವರು ಮೊದಲು ಒಳಗಿನ ಹೊಲಿಗೆಯನ್ನು ನೋಡಬೇಕು. ಯಂತ್ರದ ಬಟ್ಟೆಯನ್ನು ಕತ್ತರಿಸಿ ಹೊಲಿದದ್ದಾದರೆ ಸಾಲುಸಾಲಿಗೂ ಎಳೆ ತುಂಡಾಗಿ ಬರುತ್ತದೆ, ಶ್ರಮ ವ್ಯರ್ಥ. ಹೊಸ ಉಣ್ಣೆ ಕೊಳ್ಳುವವರು ಚೀಟಿಯ ಮೇಲಿನ ಬಣ್ಣದ ಲಾಟ್ ನಂಬರು ಎಲ್ಲ ಉಂಡೆಗಳಲ್ಲೂ ಒಂದೇ ಇದೆಯೇ ಎಂದು ನೋಡಬೇಕು. ಇಲ್ಲವಾದರೆ ಎದೆಯ ನಡುವೆ ಬಣ್ಣದ ಗೆರೆ ಕಾಣುತ್ತದೆ.

ತಂದೆಯವರು ಬಂದ ದಿನ ಸ್ವೆಟರಿಗೆ ಒಂದು ತೋಳು ಇನ್ನೂ ಆಗಿರಲಿಲ್ಲ. ಮೂರನೆಯ ದಿನ ಅದೂ ಮುಗಿಯಿತು. ತೊಟ್ಟುಕೊಂಡು, ತೋಳನ್ನು ಒಮ್ಮೆ ಎಳೆದು ನೋಡಿ, "ಕಂಬಳಿಗಿಂತ ಹಗುರ ಅದೆ. ಮಳೆಗೆ ಮಾತ್ರ ಆಗಲಿಕ್ಕಿಲ್ಲ" ಎಂದರು. ಊರಿಗೆ ಹೊರಟಾಗ ಅದನ್ನು ಪೆಟ್ಟಿಗೆಯಲ್ಲಿಡದೆ ತೊಟ್ಟುಕೊಂಡೇ ರೈಲು ಹತ್ತಿದರು.